ಶೇಂಗಾ ಹೊಲದಲ್ಲಿ ಕೀಮ್ಯಾನ್ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಎಡ ಭುಜ ಬಲ ಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಅದರ ಮೇಲೆ ಸುತ್ತಿಗೆ, ಸ್ಪ್ಯಾನರ್ ಹೊತ್ತು ವರ್ಷಗಟ್ಟಲೆ ರೈಲು ಹಳಿಯ ಮೇಲೆ ನಡೆದವರು. ನಡಿಗೆಯೂ ಹಳಿಗೇ ಒಗ್ಗಿಬಿಟ್ಟಿತ್ತು. ಹಳಿಯಡಿ ಅಡ್ಡ ಹಾಸಿದ ಒಂದು ಸ್ಲೀಪರ್ ಮರದಿಂದ ಇನ್ನೊಂದಕ್ಕೆ ಎಷ್ಟು ದೂರವೋ ಅಷ್ಟೇ ಅವರ ಹೆಜ್ಜೆ. ಹೊಲಕ್ಕೆ ಹೋದರೂ ಅಷ್ಟೇ, ಮದುವೆ ಮನೆಗೆ ಹೋದರೂ ಅಷ್ಟೇ. ಬದನೆ ಸಸಿ ನೆಡುವ ದಿನ ಅವರು ಮುಂದೆ ನಡೆಯುತ್ತಿದ್ದರು, ನಾವು ಮಕ್ಕಳು ಅವರ ಹೆಜ್ಜೆ ಬಿದ್ದಲ್ಲೆಲ್ಲ ಒಂದೊಂದು ಗುಳಿ ತೋಡುತ್ತಾ ಹಿಂದೆ ಹೋಗುತ್ತಿದ್ದೆವು. ಅಳತೆಗೆ ಹಗ್ಗ ಹಿಡಿಯುವ ಪದ್ಧತಿ ನಮ್ಮ ತೋಟದಲ್ಲಿ ಇರಲಿಲ್ಲ.

ಚಿಕ್ಕಜಾಜೂರು ಸ್ಟೇಷನ್ನಿಗೆ ನಮ್ಮೂರಿಂದ ಮೂರು ಮೈಲಿ. ಸ್ವಾತಂತ್ರ್ಯ ಬಂದ ವರ್ಷ ಚಿಕ್ಕಪ್ಪ ರೈಲ್ವೆ ಗ್ಯಾಂಗಿಗೆ ಸೇರಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಕೀಮ್ಯಾನ್ ಆಗಿದ್ದರು. ಕಂಬಿಯನ್ನು ಬಿಗಿಯಾಗಿ ಹಿಡಿದಿಡಲು ಬೆಣೆಗಳಿರುತ್ತವೆ. ರೈಲು ಓಡಿ ಓಡಿ ಅವು ಸಡಿಲವಾಗುತ್ತವೆ. ದಿನಾ ಬೆಳಿಗ್ಗೆ ತನ್ನ ಪಾಲಿನ ದಾರಿಯನ್ನು ಪೂರ್ತಿ ನಡೆದು, ಒಂದೊಂದನ್ನೂ ಕಣ್ಣಾರೆ ನೋಡಿ, ಸಡಿಲವಾದದ್ದನ್ನು ಬಡಿದು ಬರುವುದೇ ಕೀಮ್ಯಾನ್ ಕೆಲಸ. ಹಳಿಯ ಪಕ್ಕದ ಎಷ್ಟೋ ಮನೆಗಳಲ್ಲಿ ಸ್ಲೀಪರಿನ ಮರ ಮಂಚದ ಕಾಲಾಗಿ, ಹೊಸ್ತಿಲಾಗಿ ಸೇರಿಕೊಂಡಿತ್ತು. ನಮ್ಮ ಮನೆಗೆ ಚಿಕ್ಕಪ್ಪ ರೈಲ್ವೆಯ ಒಂದು ಮೊಳೆಯನ್ನೂ ತಂದವರಲ್ಲ. ಆ ಮಾತನ್ನು ಈಗಲೂ ನಾನು ಎದೆಯುಬ್ಬಿಸಿಯೇ ಹೇಳುತ್ತೇನೆ.

ವಸ್ತು ತರಲಿಲ್ಲ, ಆದರೆ ಕೆಲಸವನ್ನೇ ಹೊಲಕ್ಕೆ ತಂದರು. ರಾಗಿ ಹೊಲ, ಎತ್ತು, ನೇಗಿಲು ಎಲ್ಲ ಅಪ್ಪನ ಪಾಲು. ಬಾವಿ ಪಕ್ಕದ ತರಕಾರಿ ಮಡಿಗಳು, ಅದರಾಚೆಯ ಒಂದೆಕರೆ ಶೇಂಗಾ ಮತ್ತು ಮನೆಯ ಐದು ಮಕ್ಕಳು, ಇಷ್ಟು ಚಿಕ್ಕಪ್ಪನ ಪಾಲು. ಐವರಲ್ಲಿ ಮೂವರು ಅವರ ಗಂಡುಮಕ್ಕಳು, ಉಳಿದವರು ನಾನು ಮತ್ತು ನಮ್ಮಣ್ಣ. ಒಬ್ಬೊಬ್ಬರಿಗೂ ಒಂದೊಂದು ಬೀಟು, ಅಂದರೆ ದಿನಾ ನಡೆದು ನೋಡಬೇಕಾದ ಪಾಲು. ಸ್ಕೂಲಿಂದ ಬಂದವರು ನಮ್ಮ ನಮ್ಮ ಬೀಟು ನಡೆದು, ಬಾವಿಕಟ್ಟೆಯ ಮೇಲೆ ಕೂತ ಚಿಕ್ಕಪ್ಪನಿಗೆ ವರದಿ ಕೊಡಬೇಕು. ಅವರು ಬೇವಿನ ಕಡ್ಡಿ ಕಚ್ಚಿಕೊಂಡು ಕೇಳುತ್ತಿದ್ದರು. ಹೊಸಬರಿಗೆ ಅಡ್ಡ ಪ್ರಶ್ನೆ ಹಾಕುತ್ತಿದ್ದರು: ಹೀರೆ ಬಳ್ಳಿ ಯಾವ ಕಡೆ ತಿರುಗಿದೆ, ಮೂರನೇ ಮೆಣಸಿನ ಗಿಡದ ಬುಡದಲ್ಲಿ ಏನಿದೆ. ಉತ್ತರ ಬರದಿದ್ದರೆ ಮತ್ತೆ ಓಡಬೇಕು. ಒಂದು ವರ್ಷ ಹೀಗೆ ಪಳಗಿಸಿದ ಮೇಲೆ ಪ್ರಶ್ನೆ ನಿಲ್ಲಿಸುತ್ತಿದ್ದರು. ಆಮೇಲೆ ನೀವು ಹೇಳಿದ್ದೇ ಖರೆ. ಆ ಪದವಿ ನನಗೆ ಒಂಬತ್ತನೇ ವರ್ಷಕ್ಕೇ ಸಿಕ್ಕಿತ್ತು, ಅಣ್ಣನಿಗಿಂತ ಮೊದಲು.

ನಮ್ಮ ಸ್ಕೂಲಿನ ಮೇಷ್ಟ್ರಿಗೆ ಈ ಸುದ್ದಿ ಮುಟ್ಟಿ, ಒಂದು ಶನಿವಾರ ಇಡೀ ಕ್ಲಾಸನ್ನು ಹೊಲಕ್ಕೆ ಕರೆತಂದರು. ಸಸ್ಯಗಳ ಬಗ್ಗೆ ನಾಲ್ಕು ಮಾತು ಹೇಳಿ ಎಂದರೆ ಮೂರನೇ ಕ್ಲಾಸು ಓದಿದ ಚಿಕ್ಕಪ್ಪ ಎಲ್ಲರನ್ನೂ ಶೇಂಗಾ ಸಾಲಿನ ನಡುವೆ ಹೊಟ್ಟೆ ಮೇಲೆ ಮಲಗಿಸಿದರು. ಗೂಡ್ಸ್ ಗಾಡಿ ದಾಟುವಷ್ಟು ಹೊತ್ತು ಗಿಡ ನೋಡಬೇಕು, ಆಮೇಲೆ ಇನ್ನೊಬ್ಬರು ಹೇಳದ ಒಂದು ಸಂಗತಿ ಹೇಳಬೇಕು. ಮೇಷ್ಟ್ರೂ ಪಂಚೆ ಎತ್ತಿಕಟ್ಟಿ ಮಲಗಿದರು. ಹಳದಿ ಹೂವು ಉದುರಿದ ಮೇಲೆ ಅದರ ಬುಡದಿಂದ ಒಂದು ಎಳೆ ಹೊರಟು ಮಣ್ಣಿಗಿಳಿಯುತ್ತದೆ, ಕಾಯಿ ಅದರ ತುದಿಯಲ್ಲಿ ಕಟ್ಟುತ್ತದೆ. ಶೇಂಗಾ ತಿನ್ನುತ್ತಲೇ ಬೆಳೆದ ಹುಡುಗರು ಅದನ್ನು ಅವತ್ತೇ ಮೊದಲು ಕಂಡದ್ದು. ಅಂದು ಶೇಂಗಾ ಸಾಲಿನಲ್ಲಿ ಅವರು ನಮ್ಮ ಚಿಕ್ಕಪ್ಪ, ನಮ್ಮ ಚಿಕ್ಕಪ್ಪ ಎಂದು ನಾನು ಹೇಳಿಕೊಂಡು ತಿರುಗಿದ್ದಕ್ಕೆ ಲೆಕ್ಕವಿಲ್ಲ.

ಅಷ್ಟು ಮೆರೆದವಳು ಮರುವರ್ಷವೇ ಮುಗ್ಗರಿಸಿದೆ. ನನ್ನ ಬೀಟು ಶೇಂಗಾ ಹೊಲದ ಆಚೆ ಬದು. ಅದರ ಪಕ್ಕ ಬೇರೆಯವರ ಬೀಳು ಭೂಮಿ. ಆಗ ಗೆಳತಿಯರ ಜೊತೆ ಕುಂಟೆಬಿಲ್ಲೆಯ ಹುಚ್ಚು ಹತ್ತಿತ್ತು. ಒಂದು ದಿನ ಬದುವಿಗೆ ಹೋಗದೆಯೇ ಎಲ್ಲಾ ಸರಿ ಐತೆ ಅಂದೆ. ಚಿಕ್ಕಪ್ಪ ತಲೆಯಾಡಿಸಿದರು. ಇಷ್ಟು ಸುಲಭವಾ ಅನ್ನಿಸಿ ಮರುದಿನವೂ ಅದೇ ಅಂದೆ. ಹೀಗೆ ಹತ್ತು ದಿನ ಕಳೆಯಿತು. ಅಷ್ಟರಲ್ಲಿ ಬೀಳಿನ ಕಳೆಗಿಡಗಳ ಮೇಲೆ ಕಂಬಳಿಹುಳು ಮರಿಯಾಗಿ, ದಪ್ಪವಾಗಿ, ಬದು ದಾಟಿ ದಂಡೆತ್ತಿ ಬಂದಿದ್ದವು. ಮರಿಗಳು ಒಂದೇ ಎಲೆಗೆ ಗುಂಪಾಗಿ ಅಂಟಿಕೊಂಡಿದ್ದಾಗ ಕಂಡಿದ್ದರೆ ಎಲೆ ಕಿತ್ತು ಸುಟ್ಟರೆ ಸಾಕಿತ್ತು. ಈಗ ಅರ್ಧ ಹೊಲದಲ್ಲಿ ಬರೀ ಕಡ್ಡಿ ನಿಂತಿತ್ತು.

ನಿನ್ನೆ ನೋಡಿದಾಗ ಇರಲಿಲ್ಲ ಎಂದು ಮತ್ತೊಂದು ಸುಳ್ಳು ಹೇಳಿದೆ. ಚಿಕ್ಕಪ್ಪ ಕಡ್ಡಿಯಿಂದ ಒಂದು ಹುಳು ಎತ್ತಿ, ಇದು ಇಷ್ಟುದ್ದ ಆಗೋಕೆ ಎಷ್ಟು ದಿನ ಬೇಕು ಅಂತ ನನ್ನನ್ನೇ ಕೇಳಿದರು. ನಾನು ಅಳತೊಡಗಿದೆ. ಅಪ್ಪನಾಗಿದ್ದರೆ ಬಾರುಕೋಲು ಹಿಡಿಯುತ್ತಿದ್ದರು. ಚಿಕ್ಕಪ್ಪ ಬದುವಿನ ಮೇಲೆ ಕೂತರು.

"ಹುಳ ಬಂದಿದ್ದು ನಿನ್ ತಪ್ಪಲ್ಲವ್ವ. ಅದು ಬರ್ತೈತೆ. ನೋಡ್ದೆ ಸರಿ ಐತೆ ಅಂದ್ಯಲ್ಲ, ನಾನು ನಿನ್ ಮಾತು ನಂಬಿ ಉಂಡು ಮಲಗ್ದೆ. ನನ್ ಮಾತು ನಂಬಿ ರೈಲಿನಾಗೆ ಎಷ್ಟು ಜನ ಮಲಗಿರ್ತಾರೆ, ಗೊತ್ತೈತೇನು?"

ಆ ವರ್ಷ ಗಾಣಕ್ಕೆ ಹೋದ ಶೇಂಗಾ ಅರ್ಧ ಚೀಲ. ಎಣ್ಣೆಯಿಲ್ಲದೆ ದೀಪಾವಳಿಗೆ ಅಮ್ಮ ಬಾಣಲೆ ಇಡಲಿಲ್ಲ. ಹೋಳಿಗೆಗೆ ತುಪ್ಪ ಇದ್ದಿದ್ದು ಪುಣ್ಯ. ಯಾರೂ ನನ್ನನ್ನು ಬೈಯಲಿಲ್ಲ, ಚಿಕ್ಕಪ್ಪನ ಅಪ್ಪಣೆಯಾಗಿತ್ತಂತೆ. ಆದರೆ ಹುಳು ಕಂಡ ಮಾರನೇ ದಿನದಿಂದ ಒಂದು ವ್ಯತ್ಯಾಸ. ಹುಡುಗರೆಲ್ಲ ಬಂದು ವರದಿ ಕೊಟ್ಟರೆ ಚಿಕ್ಕಪ್ಪ ಆಗಲಿ ಅನ್ನುತ್ತಿದ್ದರು. ನಾನು ಕೊಟ್ಟರೆ ಕಟ್ಟೆಯಿಂದ ಇಳಿದು, "ಬಾ, ಇಬ್ರೂ ನೋಡಾಣ" ಎಂದು ನನ್ನ ಜೊತೆ ಹೊರಡುತ್ತಿದ್ದರು.

ಬೆಳೆ ಬಂತು, ಹೋಯಿತು. ನಾನು ಹೈಸ್ಕೂಲಿಗೆ ಹೋದೆ. ಆಮೇಲಿನ ವರ್ಷಗಳಲ್ಲಿ ಮೊದಲು ಹುಳು ಕಂಡವಳೂ ನಾನೇ, ಬಾವಿಯ ಕಾಲುವೆ ಒಡೆದದ್ದನ್ನು ಮೊದಲು ಹೇಳಿದವಳೂ ನಾನೇ. ಆದರೂ ಅವರು ಇಳಿದು ಬರುವುದು ನಿಲ್ಲಲಿಲ್ಲ. ನನ್ನ ಮೇಲೆ ನಂಬಿಕೆ ಹೋಗಿದೆ ಎಂದು ಒಳಗೇ ಕುದಿಯುತ್ತಿದ್ದೆ. ಅಣ್ಣ ಬೇರೆ, ನಿನಗೆ ಪೊಲೀಸ್ ಕಾವಲು ಅಂತ ಕಾಡಿಸುತ್ತಿದ್ದ. ಆ ಕಾವಲಿನಲ್ಲೇ ಮೋಡದ ಬಣ್ಣ ಓದುವುದು, ಎಲೆಯ ಬೆನ್ನು ತಿರುಗಿಸಿ ನೋಡುವುದು, ಮಣ್ಣು ಮುಟ್ಟಿ ನೀರು ಯಾವತ್ತು ಹಾಯಿಸಬೇಕೆಂದು ತಿಳಿಯುವುದು, ಎಲ್ಲ ಕಲಿತೆ. ಹುಡುಗರಿಗೆ ಅದರ ಕಾಲು ಭಾಗವೂ ಬರಲಿಲ್ಲ. ಇದು ಹೊಳೆಯುವಷ್ಟು ಬುದ್ಧಿ ಆಗ ನನಗಿರಲಿಲ್ಲ. ನರ್ಸಿಂಗ್ ಓದಲು ಊರು ಬಿಡುವ ದಿನದ ಹಿಂದಿನ ಸಂಜೆಯೂ ಅವರು ನನ್ನ ಜೊತೆ ಬದು ನಡೆದರು.

ಚಿತ್ರದುರ್ಗದಲ್ಲಿ, ಹೊಸದುರ್ಗದಲ್ಲಿ, ಹಿರಿಯೂರಿನಲ್ಲಿ ನರ್ಸಾಗಿ ದುಡಿದೆ. ವಾರ್ಡಿನಲ್ಲಿ ಒಂದೊಂದು ಹಾಸಿಗೆಯ ಹತ್ತಿರವೂ ನಿಂತು, ಹೊದಿಕೆ ಸರಿಸಿ ನೋಡದೆ ಡಾಕ್ಟರಿಗೆ ಒಂದು ಮಾತು ಹೇಳಿದವಳಲ್ಲ. ಕಿರಿಯ ನರ್ಸುಗಳು ನನ್ನನ್ನು ಹಿಂದಿನಿಂದ ಏನೇನೋ ಕರೆಯುತ್ತಿದ್ದರು. ಕರೆಯಲಿ. ನಾನು ಡ್ಯೂಟಿಯಲ್ಲಿದ್ದರೆ ನಿಶ್ಚಿಂತೆ ಎಂದು ದೊಡ್ಡ ಡಾಕ್ಟರು ಹೇಳಿದ್ದೂ ಉಂಟು. ಅದು ನನ್ನ ಹೆಮ್ಮೆಯಲ್ಲ, ಶೇಂಗಾ ಹೊಲದ್ದು.

ಚಿಕ್ಕಪ್ಪ ನಿವೃತ್ತರಾದ ಮೇಲೆ ಮೊಮ್ಮಕ್ಕಳ ದಂಡಿಗೂ ಬೀಟು ಹಂಚಿ ಹತ್ತು ವರ್ಷ ತೋಟ ನಡೆಸಿದರು. ಆಮೇಲೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ದೊಡ್ಡಾಸ್ಪತ್ರೆಯವರು ಮನೆಗೆ ಕರಕೊಂಡು ಹೋಗಿ ಎಂದರು. ನಾನು ರಜೆ ಹಾಕಿ ಬಂದೆ. ಕಾಗದ ನೋಡಿದೆ, ಹೊಟ್ಟೆ ಮುಟ್ಟಿ ನೋಡಿದೆ, ಕಣ್ಣಿನ ರೆಪ್ಪೆ ತೆರೆದು ನೋಡಿದೆ. ಮಗ್ಗುಲಲ್ಲಿ ಚಿಕ್ಕಮ್ಮ, ದೊಡ್ಡ ಮಗ, ನಮ್ಮಣ್ಣ ಇದ್ದರು. ಬರೀ ನಂಜು, ಇಳಿಯುತ್ತೆ ಎಂದು ಅಣ್ಣ ಚಿಕ್ಕಪ್ಪನಿಗೆ ಹೇಳಿಟ್ಟಿದ್ದ. ನನಗೂ ಕಣ್ಸನ್ನೆ ಮಾಡಿದ. ಚಿಕ್ಕಪ್ಪ ಅವನ ಕಡೆ ನೋಡಲಿಲ್ಲ.

"ನೀನ್ ಹೇಳವ್ವ," ಅಂದರು.

ಹಾಸಿಗೆಯ ಅಂಚಿಗೆ ಕೂತು ಹೇಳಿದೆ. "ಒಂದು ತಿಂಗಳು, ಚಿಕ್ಕಪ್ಪ. ಅದಕ್ಕಿಂತ ಜಾಸ್ತಿ ಇಲ್ಲ. ನೋವು ಬರದ ಹಂಗೆ ನಾನು ನೋಡ್ಕಳ್ತೀನಿ, ಇಲ್ಲೇ ಇರ್ತೀನಿ."

ಚಿಕ್ಕಮ್ಮ ಸೆರಗು ಬಾಯಿಗೊತ್ತಿಕೊಂಡರು. ದೊಡ್ಡ ಮಗ ನನ್ನ ಮೇಲೆ ಸಿಟ್ಟಾದ. ನರ್ಸು ಹೇಳಿದರೆ ಆಯ್ತಾ, ದಾವಣಗೆರೆಗೆ ಒಯ್ದು ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದು ಎದ್ದು ನಿಂತ. ಚಿಕ್ಕಪ್ಪ ಕೈಯೆತ್ತಿ ಅವನನ್ನು ತಡೆದರು. ದನಿಯಲ್ಲಿ ಬಲವಿರಲಿಲ್ಲ, ಆದರೆ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

"ಕುಂತ್ಕಳಪ್ಪ. ಅವಳು ನೋಡಿ ಹೇಳ್ಯಾಳೆ. ಮತ್ಯಾರೂ ನೋಡೋದು ಬ್ಯಾಡ."