ದೂರ ಕೂತು ಓದಿದ ದಿನಗಳು

ನಿಮ್ಮ ತಾತ ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕಡೆಯವರೆಗೂ ಅವರಿಗೆ ಗೊತ್ತಾಗದೆ ಉಳಿದ ವಿಷಯ ಇದು.

ಮದುವೆಯಾಗಿ ಹಲಸೂರಿನ ವಠಾರಕ್ಕೆ ಬಂದಾಗ ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ್ದೆ, ಅಷ್ಟೇ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಸಣ್ಣ ಜಗಲಿ. ತಾತ ಬೆಳಿಗ್ಗೆ ಆರೂವರೆಗೆ ಕೆ.ಆರ್. ಪುರಂ ಕಡೆ ಹೋಗುವ ಕಾರ್ಖಾನೆ ಬಸ್ಸು ಹತ್ತುತ್ತಿದ್ದರು. ಒಳ್ಳೆಯವರು. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಹಾಗಾಗಿ ನನಗೇನು ಕೊರತೆ ಎಂದು ನನಗೇ ಹೇಳಲು ಬರುತ್ತಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು ಕವುಚುವಾಗ, ನಾಳೆಯೂ ಇದೇ ಪಾತ್ರೆಯನ್ನು ಇದೇ ಜಾಗದಲ್ಲಿ ಕವುಚುತ್ತೇನೆ ಎಂದು ಅನ್ನಿಸುತ್ತಿತ್ತು.

ಪಕ್ಕದ ಮನೆಯಲ್ಲಿ ತಮಿಳು ಮಾತಾಡುವ ಟೀಚರೊಬ್ಬರಿದ್ದರು. ಒಂದು ದಿನ ನಲ್ಲಿಯ ಹತ್ತಿರ ಹೇಳಿದರು: "ಇಂದಿರಾನಗರದಲ್ಲಿ ಶಿಶುವಿಹಾರ ಶುರು ಮಾಡ್ತಾರಮ್ಮಾ. ನಿನ್ ಕೈಲಿ ಮಕ್ಳು ಚೆನ್ನಾಗಿರ್ತಾವೆ. ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಮಾತ್ರ ಬೇಕು."

ತಾತನಿಗೆ ಹೇಳಲು ನನಗೆ ಹತ್ತು ದಿನ ಹಿಡಿಯಿತು.

"ನಿಂಗೇನು ಕಮ್ಮಿ ಮಾಡಿದೀನಿ?" ಎಂದರು.

"ಕಮ್ಮಿ ಏನಿಲ್ಲ."

"ಮತ್ತೆ?"

ವಾರ ಕಳೆದ ಮೇಲೆ ಅವರೇ ಅಂದರು: "ಓದ್ಕೋ. ಆದ್ರೆ ಮನೆ ಕೆಲಸ ಒಂದಿನ ನಿಂತ್ರೂ ಅವತ್ತಿಗೇ ಪುಸ್ತಕ ಕಟ್ಟಿಡ್ಬೇಕು."

ಕೆಲಸ ನಿಲ್ಲಬಹುದಾದ ದಿನಗಳು ತಿಂಗಳಿಗೆ ಮೂರೇ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನೀವು ತಿಳಿಯಬೇಕು. ಆಗ ಮುಟ್ಟಾದ ಹೆಂಗಸರು ಒಳಗೆ ಬರುವಂತಿರಲಿಲ್ಲ. ಮೂರು ದಿನ ನಾನು ಜಗಲಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದೆ. ನಮ್ಮತ್ತೆ ದೂರದಿಂದ ಅನ್ನ ಹಾಕುತ್ತಿದ್ದರು. ಯಾರೂ ನನಗೆ ಕೆಲಸ ಹೇಳುವಂತಿರಲಿಲ್ಲ. ಉಳಿದ ಹೆಂಗಸರಿಗೆ ಅದು ಶಿಕ್ಷೆ ಅನ್ನಿಸುತ್ತಿತ್ತು. ನಾನು ಮಾತ್ರ ಆ ದಿನಗಳಿಗಾಗಿ ಕಾಯುತ್ತಿದ್ದೆ. ಎರಡು ವರ್ಷ ಓದಿದ್ದೆಲ್ಲ ಹೆಚ್ಚುಕಡಿಮೆ ಆ ಜಗಲಿಯಲ್ಲೇ.

ಪರೀಕ್ಷೆ ಅಕ್ಟೋಬರಿನಲ್ಲಿ. ಮೊದಲನೆಯ ದಿನವೇ ಗಣಿತ, ಅದಕ್ಕಿನ್ನೂ ನಾಲ್ಕು ದಿನವಿತ್ತು. ರೇಖಾಗಣಿತದ ಅರ್ಧ ಪುಸ್ತಕವನ್ನು ನಾನು ತೆರೆದೂ ನೋಡಿರಲಿಲ್ಲ. ಅವತ್ತು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ನಾನು ದೂರ" ಎಂದುಬಿಟ್ಟೆ. ಮುಟ್ಟಾಗಿರಲಿಲ್ಲ. ಇನ್ನೂ ಎರಡು ವಾರವಿತ್ತು. ಅತ್ತೆ ನನ್ನನ್ನು ಒಂದು ಸಲ ನೋಡಿ, ನೋಯುವ ಮಂಡಿಯನ್ನು ಹಿಡಿದುಕೊಂಡು ಒಲೆಯ ಮುಂದೆ ಕೂತರು.

ಮರುದಿನ ನಿಮ್ಮ ಅಮ್ಮನಿಗೆ ಜ್ವರ ಬಂತು. ಆಗ ಅವಳಿಗೆ ಮೂರು ವರ್ಷ. ಹೊಸ್ತಿಲ ಆಚೆ ನಿಂತು, "ಅಮ್ಮ, ಎತ್ಕೋ" ಎಂದು ಒಂದೇ ಸಮನೆ ಅಳುತ್ತಿದ್ದಳು. ದೂರ ಕೂತವಳನ್ನು ಬಟ್ಟೆ ಹಾಕಿದ ಮಗು ಮುಟ್ಟಿದರೆ ಮೈಲಿಗೆ. ಬಟ್ಟೆ ಬಿಚ್ಚಿ ಕಳಿಸಿದರೆ ಇಲ್ಲ.

"ಬಿಚ್ಚಿ ಕಳಿಸ್ಲೇನೆ?" ಎಂದು ಒಳಗಿನಿಂದ ಅತ್ತೆ ಕೇಳಿದರು. "ಮೈ ಸುಡ್ತಿದೆ, ಹಲ್ಲು ಕಟಕಟ ಅಂತಿದೆ. ಈ ಚಳೀಲಿ ಬಿಚ್ಲಾ?"

ಎದ್ದರೆ ಸುಳ್ಳು ಬಯಲಾಗುತ್ತದೆ. ತಾತನಿಗೆ ಗೊತ್ತಾದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಕೈಯಲ್ಲಿ ಪುಸ್ತಕ, ತೊಡೆಯ ಮೇಲೆ ಅರ್ಧ ಬರೆದ ತ್ರಿಕೋನ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೂತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮಗು ಅಳು ನಿಲ್ಲಿಸಿ ಹೊಸ್ತಿಲಿಗೆ ತಲೆ ಆನಿಸಿ ಮಲಗಿಬಿಟ್ಟಿತು. ನಾನು ಎದ್ದು ಒಳಗೆ ಹೋಗಿ ಎತ್ತಿಕೊಂಡೆ.

ಅತ್ತೆ ಸೌಟು ಹಿಡಿದು ನಿಂತೇ ಇದ್ದರು.

"ಆಗಿಲ್ಲ ಅತ್ತೆ," ಎಂದೆ.

"ನಿನ್ನೆ ಬೆಳಿಗ್ಗೇನೇ ಗೊತ್ತು. ನಿನ್ ದಿನ ನಂಗೆ ಗೊತ್ತಿಲ್ವೇನೆ? ಎಷ್ಟೊತ್ತು ಕೂತಿರ್ತಾಳೋ ನೋಡೋಣ ಅಂತಿದ್ದೆ." ಅವರು ಮಂಡಿ ನೀವಿಕೊಂಡರು. "ಈ ಮಂಡಿ ಇಟ್ಕೊಂಡು ನನ್ ಕೈಲಿ ಎರಡು ದಿನ ಅಡುಗೆ ಮಾಡ್ಸಿದ್ಯಲ್ಲೇ. ಓದ್ಬೇಕು ಅಂತ ಬಾಯ್ಬಿಟ್ಟು ಕೇಳಿದ್ರೆ ಬೇಡ ಅಂತಿದ್ನಾ?"

ಎಂದೂ ಎದುರು ಮಾತಾಡದ ನಾನು, "ಅಂತಿದ್ರಿ," ಎಂದೆ.

"ಅಂತಿದ್ದೆ," ಎಂದು ಅತ್ತೆ ಸೌಟನ್ನು ನನ್ನ ಕೈಗೆ ಕೊಟ್ಟರು.

ಸಂಜೆ ತಾತ ಬಂದಾಗ ನಾನು ಒಲೆಯ ಮುಂದಿದ್ದೆ.

"ಏನು, ಎರಡೇ ದಿನಕ್ಕೆ ಒಳಗೆ ಬಂದ್ಬಿಟ್ಟಿದ್ದಾಳೆ?" ಎಂದು ಅತ್ತೆಯನ್ನು ಕೇಳಿದರು.

ದಿನವೂ ಮಡಿಯುಟ್ಟು ದೇವರ ಮುಂದೆ ಕೂರುತ್ತಿದ್ದ ನಮ್ಮತ್ತೆ ತಲೆ ಎತ್ತದೆ ಹೇಳಿದರು: "ಮಗೂಗೆ ಜ್ವರ. ನಾನೇ ತಲೆಗೆ ನೀರು ಹಾಕ್ಕೊಂಡು ಬಾ ಅಂದೆ. ಆಪತ್ತಿಗೆ ಶಾಸ್ತ್ರ ಇಲ್ಲ."

ತಾತ ಕೈಕಾಲು ತೊಳೆಯಲು ಹಿಂದಕ್ಕೆ ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. "ಇನ್ನೊಂದ್ಸಲ ಇದ್ರಲ್ಲಿ ಸುಳ್ಳು ಹೇಳಿದ್ರೆ ನಿನ್ ಕೈಲಿ ನೀರೂ ಕುಡಿಯಲ್ಲ." ಅವರು ಆಡಿದ ಮಾತು ನಡೆಸುವವರು. ನಾನು ತಲೆಯಾಡಿಸಿದೆ.

ಪರೀಕ್ಷೆಯ ದಿನ ಬೆಳಿಗ್ಗೆಗೂ ಜ್ವರ ಪೂರ್ತಿ ಇಳಿದಿರಲಿಲ್ಲ. ಸಾರು, ಪಲ್ಯ ಮಾಡಿಟ್ಟು, ಮಗುವಿಗೆ ಗಂಜಿ ಕುಡಿಸಿ, ಸೀರೆ ಬದಲಿಸಿದೆ. ಅತ್ತೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡಿದ್ದರು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮಗು ನನ್ನ ಸೆರಗು ಹಿಡಿದುಕೊಂಡಿತು. ನಾನು ಬೆರಳು ಒಂದೊಂದಾಗಿ ಬಿಡಿಸಿದೆ.

ಶಿವಾಜಿನಗರದ ಶಾಲೆಯಲ್ಲಿ ನನ್ನ ಬೆಂಚಿನಲ್ಲಿದ್ದವಳು ಹದಿನಾರು ವರ್ಷದ ಹುಡುಗಿ. ಅವಳು ನನ್ನ ತಾಳಿ, ಕಾಲುಂಗುರ ನೋಡಿ ಸ್ವಲ್ಪ ಸರಿದು ಕೂತಳು. ಪ್ರಶ್ನೆಪತ್ರಿಕೆ ಕೊಟ್ಟರು. ಮಗುವಿನ ಹಣೆ ಈಗ ಎಷ್ಟು ಸುಡುತ್ತಿರಬಹುದು ಎಂದು ಯೋಚಿಸಿದೆ. ಎದ್ದು ಹೋಗಬಹುದಿತ್ತು, ಬಾಗಿಲು ತೆರೆದೇ ಇತ್ತು. ನಾನು ಹೋಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ನನ್ನ ನಂಬರು ಬರೆದೆ.