ಪಕ್ಕದ ಮಂಟಪದ ಚಾನೆಲ್

ನಮ್ಮ ಮೈಕಿನವರು ನಡೆದರೆ ಕಟಕಟ ಸದ್ದಾಗುತ್ತಿತ್ತು. ಅಂಗಿಯ ಎಡಜೇಬು ಕಾರ್ಡ್‌ಲೆಸ್ ಮೈಕಿನ ಸೆಲ್ಲುಗಳ ಭಾರಕ್ಕೆ ಹೊಲಿಗೆ ಬಿಟ್ಟು ಜೋತಿರುತ್ತಿತ್ತು.

ನಾನು ಡ್ರಿಲ್ ಮಾಸ್ತರನಾಗಿದ್ದ ಚನ್ನಗಿರಿಯ ಶಾಲೆಗೆ ಮೈಕ್‌ಸೆಟ್ ತರುತ್ತಿದ್ದವರು ಅವರೇ. ಬಂದವರು ಮೊದಲು ಪಕ್ಕದ ಕಲ್ಯಾಣ ಮಂಟಪಕ್ಕೆ ಹೋಗಿ, "ನಿಮ್ದು ಯಾವ ಚಾನೆಲ್ ನಡೀತೈತ್ರಿ?" ಎಂದು ಕೇಳಿ, ಅದನ್ನು ಬಿಟ್ಟು ಬೇರೆಯದನ್ನು ಹಿಡಿಯುತ್ತಿದ್ದರು. ಒಂದೇ ಚಾನೆಲ್ಲಿನಲ್ಲಿ ಎರಡು ಮೈಕು ನಡೆದರೆ ಒಬ್ಬರ ಮಾತು ಇನ್ನೊಬ್ಬರ ಸ್ಪೀಕರಿನಲ್ಲಿ ಬರುತ್ತದೆ. ಇಷ್ಟು ಸರಳ ವಿಷಯ ಉಳಿದವರ್ಯಾರಿಗೂ ಬೇಕಿರಲಿಲ್ಲ.

ಒಂದು ವಾರ್ಷಿಕೋತ್ಸವದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಭಾಷಣ ಶುರುಮಾಡಿದ್ದಳು. ವಾರಗಟ್ಟಲೆ ಅಭ್ಯಾಸ ಮಾಡಿದ್ದ ಮಗು. ಇದ್ದಕ್ಕಿದ್ದಂತೆ ನಮ್ಮ ಸ್ಪೀಕರು, "ಗಂಡಿನ ಕಡೆಯೋರು ಊಟಕ್ಕೆ ಬರ್ರಿ, ಪಂಕ್ತಿ ಎದ್ದೈತೆ!" ಎಂದು ಕೂಗಿತು. ಸಭೆಯೆಲ್ಲ ನಕ್ಕಿತು. ಹುಡುಗಿ ಅಳುತ್ತ ಇಳಿದಳು.

ನಾನೂ ಮೈಕಿನವರೂ ಮಂಟಪಕ್ಕೆ ಓಡಿದೆವು. ಬೆಳಿಗ್ಗೆ ಇವರು ಕೇಳಿ ಹೋದಮೇಲೆ ಹೊನ್ನಾಳಿಯಿಂದ ಬಂದ ದೊಡ್ಡ ಸೆಟ್ಟು. ಕೈಯಲ್ಲಿ ಹಿಡಿದದ್ದು ಎರಡೇ ಮೈಕು. ಉಳಿದವು ಒಂದೊಂದು ಚಾನೆಲ್ ಹಿಡಿದು ಮೇಜಿನ ಮೇಲೆ ಸುಮ್ಮನೆ ಆನ್ ಆಗಿ ಬಿದ್ದಿದ್ದವು.

"ಖಾಲಿ ಇರೋವನ್ನ ಆಫ್ ಮಾಡಪ್ಪ," ಎಂದರು ಇವರು.

"ನಮ್ದು ದೊಡ್ಡ ಸೆಟ್ಟು ಕಣಣ್ಣ, ನೀವೇ ಬದಲಿಸ್ಕೊಳ್ರಿ."

"ಎಲ್ಲಿಗೆ ಬದಲಿಸ್ಲಿ? ಜಗಳೂರು ಬಸ್ಸಿನ ಸೀಟಿಗೆಲ್ಲ ನೀನೊಬ್ನೇ ಟವೆಲ್ ಹಾಕಿದಂಗೈತೆ. ಕೂರೋದು ಒಂದೇ ಸೀಟಲ್ಲೇನಪ್ಪ?"

ವಾದ ಮುಗಿದು ಚಾನೆಲ್ ತೆರವಾಗುವಷ್ಟರಲ್ಲಿ ನಮ್ಮ ಕಾರ್ಯಕ್ರಮವೇ ತಲೆಕೆಳಗಾಗಿತ್ತು. ಆ ಹುಡುಗಿ ಎಷ್ಟು ಕರೆದರೂ ಮತ್ತೆ ವೇದಿಕೆ ಹತ್ತಲಿಲ್ಲ.

ಆಮೇಲೆ ಅವರು ಸುತ್ತಲ ತಾಲ್ಲೂಕುಗಳ ಮೈಕಿನವರನ್ನೆಲ್ಲ ನ್ಯಾಮತಿಯಲ್ಲಿ ಸೇರಿಸಿದರು. ಅಲ್ಲಿ ಇವರು ಇಟ್ಟ ನಿಯಮ ಇಷ್ಟೇ: ಮೊದಲು ಪಕ್ಕದವರನ್ನು ಕೇಳಿ ಹಚ್ಚಬೇಕು, ಕೈಯಲ್ಲಿಲ್ಲದ ಮೈಕು ಆಫ್ ಮಾಡಬೇಕು, ಸೆಟ್ಟು ದೊಡ್ಡದಿರಲಿ ಸಣ್ಣದಿರಲಿ. ಎಲ್ಲರೂ ಒಪ್ಪಿದರು, ಚಹಾ ಕುಡಿದರು. ಮುಂದಿನ ಲಗ್ನದ ಕಾಲಕ್ಕೆ ಎಲ್ಲರೂ ಮರೆತರು. ಇವರೊಬ್ಬರೇ ಬಿಡದೆ ಪಾಲಿಸಿದರು, ಪ್ರತಿ ಸಲ ಇವರೇ ಚಾನೆಲ್ ಬಿಟ್ಟುಕೊಟ್ಟರು. ನನಗೆ ಮೈ ಉರಿಯುತ್ತಿತ್ತು.

"ಯಾವಾಗ್ಲೂ ನೀವೇ ಯಾಕ್ರೀ ಸೋಲ್ಬೇಕು?" ಎಂದು ರೇಗಿದೆ.

"ಇಬ್ರೂ ಹಠ ಹಿಡಿದ್ರೆ ಇಬ್ರ ಮಾತೂ ಕೇಳಾಕಿಲ್ಲ ಮೇಷ್ಟ್ರೇ. ಬಂದ ಜನ ಏನ್ ತಪ್ಪು ಮಾಡೌರೆ?"

ಕಳೆದ ವರ್ಷ ಅವರು ತೀರಿಕೊಂಡರು. ಈಗ ಶಾಲೆಯಲ್ಲಿ ಕಾರ್ಯಕ್ರಮವಿದ್ದರೆ, ನಿವೃತ್ತನಾದ ನಾನೇ ಬೆಳಿಗ್ಗೆ ಎದ್ದು ಪಕ್ಕದ ಮಂಟಪಕ್ಕೆ ಹೋಗುತ್ತೇನೆ. "ತಾತ, ನಿಮಗ್ಯಾಕೆ ಇದೆಲ್ಲ?" ಎನ್ನುತ್ತಾರೆ ಅಲ್ಲಿನ ಮೈಕಿನ ಹುಡುಗರು. ಅವರಿಗಿದ್ದ ತಾಳ್ಮೆ ನನಗಿಲ್ಲ, ಬರುವುದೂ ಇಲ್ಲ. ಮೇಜಿನ ಮೇಲಿನ ಕೊನೆಯ ಮೈಕು ಆರುವವರೆಗೂ ಆ ಹುಡುಗರೆದುರು ಅಟೆನ್ಶನ್ನಿನಲ್ಲಿ ನಿಂತೇ ಇರುತ್ತೇನೆ.