ಡಾರ್ಲೀನಳ ಸುಗ್ಗಿ

ಅಮೆರಿಕದ ವರ್ಮಾಂಟಿನ ನಮ್ಮೂರಲ್ಲಿ ಡಾರ್ಲೀನ್ ಆರ್ಕಟ್ ಹಲ್ಲಿನ ಡಾಕ್ಟರ ಬಳಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಹೆಂಗಸು. ಪ್ರಕೃತಿಯನ್ನೇ ಪೂಜಿಸುವ ನಮ್ಮ ಪೇಗನ್ ಬಳಗಕ್ಕೆ ಮಾತ್ರ ಅವಳು 'ಬೆಳ್ಳಿಗರಿ' ಎಂಬ ಪೂಜಾರಿಣಿ. ಆ ಹೆಸರನ್ನೂ ತಾನೇ ಇಟ್ಟುಕೊಂಡವಳು. ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗುವ ದಿನ ನಾವೆಲ್ಲ ಅವಳ ಹಿತ್ತಿಲಲ್ಲಿ ಮೇಬನ್ ಎಂಬ ಸುಗ್ಗಿಹಬ್ಬಕ್ಕೆ ಸೇರುತ್ತೇವೆ.

ಈ ಸಲವೂ ನೆಲ ಗುಡಿಸುವ ನಿಲುವಂಗಿ ತೊಟ್ಟು ಬಂದು, ಸುಗ್ಗಿ ಕೊಟ್ಟ ಭೂಮಿತಾಯಿಯ ಬಗ್ಗೆ ನಮ್ಮ ಕಾಲು ಸೋಲುವಷ್ಟು ಹೊತ್ತು ಕೊರೆದಳು. ಆಮೇಲೆ, ಒಳಗಿನ ಬೀಜದ ಗೂಡಿನ ನಕ್ಷತ್ರ ಕಾಣಲೆಂದು ಸೇಬನ್ನು ಅಡ್ಡಕ್ಕೆ ಕೊಯ್ದು, ನನ್ನ ಕೈಗೂ ಒಂದು ಹೋಳು ಇಟ್ಟಳು. ಸಿಪ್ಪೆಯ ಮೇಲೆ ಅಂಗಡಿಯ ಸ್ಟಿಕ್ಕರ್ ಹಾಗೇ ಅಂಟಿತ್ತು. ಚಿಲಿ ದೇಶದ ಸೇಬು!

"ಅಲ್ಲೀಗ ವಸಂತ ಕಣೇ! ಇದ್ಯಾವ ಸುಗ್ಗಿ?" ಎಂದೆ.

"ಭೂಮಿತಾಯಿ ಎಲ್ಲಾ ಕಡೆ ಒಬ್ಳೇ. ಬಾಯ್ಮುಚ್ಕೊಂಡು ತಿನ್ನು."

ಅಷ್ಟರಲ್ಲಿ ಅವಳ ಬೆನ್ನ ಹಿಂದಿನ ಮರದಿಂದ ಕೆಂಪು ಸೇಬೊಂದು ದೊಪ್ಪನೆ ಬಿತ್ತು. ಯಾರೂ ಆರಿಸದ ಹಣ್ಣು ಬುಡದಲ್ಲಿ ರಾಶಿಯಾಗಿ ಕೊಳೆಯುತ್ತಿತ್ತು.

"ಥೂ, ಹಾಳು ಮರ! ವರ್ಷಾ ವರ್ಷಾ ಇದೇ ಗಲೀಜು. ಕಡಿಸಿ ಹಾಕ್ಬೇಕು!" ಎಂದು ಬೈದವಳು, ಮತ್ತೆ ಕಣ್ಣು ಮುಚ್ಚಿ ಭೂಮಿತಾಯಿಗೆ ಕೈಯೆತ್ತಿದಳು.